ಕೂಗಿದರೆ ಕೇಳಿಸುವುದಿಲ್ಲ: ಕಿವುಡ ಮಕ್ಕಳ ಶಿಕ್ಷಕರ ಗಂಟಲಿನ ಪ್ರಶ್ನೆಗಳು

ಈ ಬಾರಿಯ ಪ್ರಶ್ನೋತ್ತರ ಪೂರ್ತಿಯಾಗಿ ಶ್ರವಣದೋಷವುಳ್ಳ ಮಕ್ಕಳಿಗೆ ಪಾಠ ಹೇಳುವವರಿಗೆ ಮೀಸಲು. ಧ್ವನಿ ಚಿಕಿತ್ಸೆ ಮತ್ತು ವಿಶೇಷ ಶಿಕ್ಷಣ ಎರಡೂ ಬಲ್ಲವರು ಕೂತು ಉತ್ತರಿಸಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ. ಪತ್ರ ಬರೆದವರ ಮತ್ತು ಶಾಲೆಗಳ ಹೆಸರು ಹಾಕಿಲ್ಲ.

ಪ್ರಶ್ನೆ: ನನ್ನ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದಾರೆ, ಎಲ್ಲರಿಗೂ ಶ್ರವಣ ಸಾಧನ ಇದೆ. ಆದರೂ ಗಟ್ಟಿಯಾಗಿ ಹೇಳದಿದ್ದರೆ ತಿರುಗಿ ನೋಡುವುದಿಲ್ಲ. ಸೋಮವಾರ ಸರಿಯಿರುವ ಗಂಟಲು ಗುರುವಾರದ ಹೊತ್ತಿಗೆ ಒಡೆಯುತ್ತದೆ. ಗಟ್ಟಿಯಾಗಿ ಮಾತಾಡದೆ ಇವರಿಗೆ ಕಲಿಸುವುದು ಸಾಧ್ಯವೇ? (ವಿಶೇಷ ಶಿಕ್ಷಕಿ, ಹಾಸನ ಜಿಲ್ಲೆ)

ಸಾಧ್ಯ. ಗಟ್ಟಿಯಾಗಿ ಮಾತಾಡಿ ಕಲಿಸುವುದೇ ಕಷ್ಟ. ಕಾರಣ ಹೀಗಿದೆ.

ನಾವು ಕೂಗಿದಾಗ ಏರುವುದು ಮುಖ್ಯವಾಗಿ ಸ್ವರಗಳು: ಆ, ಊ, ಓ. ಸ, ಶ, ತ, ಕ ಮುಂತಾದ ವ್ಯಂಜನಗಳು ಅಷ್ಟು ಏರುವುದಿಲ್ಲ. ‘ಹಸು’ ಎಂದು ಕೂಗಿದರೆ ಮಗುವಿನ ಕಿವಿಗೆ ಮುಟ್ಟುವುದು ಹೆಚ್ಚುಕಡಿಮೆ ‘ಆಊ’. ಅದೇ ಪದವನ್ನು ಮಾಮೂಲಿ ಧ್ವನಿಯಲ್ಲಿ ಹತ್ತಿರದಿಂದ ಹೇಳಿದರೆ ನಡುವಿನ ‘ಸ್’ ಉಳಿಯುವ ಸಾಧ್ಯತೆ ಹೆಚ್ಚು. ಇದರ ಮೇಲೆ, ಈಗಿನ ಡಿಜಿಟಲ್ ಸಾಧನಗಳು ಜೋರು ಶಬ್ದವನ್ನು ತಾವೇ ತಗ್ಗಿಸುತ್ತವೆ, ಒಂದು ಮಿತಿಯಾಚೆ ಬಿಡುವುದೂ ಇಲ್ಲ. ಅಂದರೆ ನೀವು ಗಂಟಲು ಹರಿದುಕೊಂಡು ಕೊಟ್ಟ ಹೆಚ್ಚುವರಿ ಶಬ್ದದ ಬಹುಪಾಲನ್ನು ಯಂತ್ರ ವಾಪಸ್ ಕಿತ್ತುಕೊಳ್ಳುತ್ತದೆ. ಮಗುವಿಗೆ ಉಳಿಯುವುದು ಹಿಗ್ಗಿದ ಬಾಯಿ, ಬಿಗಿದ ಮುಖ. ಅದರಿಂದ ತುಟಿ ಓದುವುದೂ ಕೆಡುತ್ತದೆ.

ಕೆಲಸಕ್ಕೆ ಬರುವುದು ದೂರ ತಗ್ಗಿಸುವುದು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗೊಮ್ಮೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 65 ಇದ್ದದ್ದು ಎರಡು ಮೀಟರಿನಲ್ಲಿ 59, ನಾಲ್ಕರಲ್ಲಿ 53. ಕೋಣೆಯಲ್ಲಿ ಗೋಡೆಗೆ ಬಡಿದು ಬರುವ ಸದ್ದಿನಿಂದ ಲೆಕ್ಕ ಸ್ವಲ್ಪ ಬದಲಾದರೂ, ಆ ಮರಳಿ ಬಂದ ಸದ್ದು ಮಾತನ್ನು ಕಲಸುತ್ತದೆಯೇ ಹೊರತು ಸ್ಪಷ್ಟಮಾಡುವುದಿಲ್ಲ. ಶ್ರವಣದೋಷವುಳ್ಳ ಮಗುವಿಗೆ ಸುತ್ತಲ ಗದ್ದಲಕ್ಕಿಂತ ಶಿಕ್ಷಕರ ಧ್ವನಿ ಸುಮಾರು 15 ಡೆಸಿಬೆಲ್ ಮೇಲಿರಬೇಕು. ಫ್ಯಾನು, ಕಾರಿಡಾರು ಸೇರಿ 55 ಇರುವ ಕೋಣೆಯಲ್ಲಿ ಕಪ್ಪುಹಲಗೆಯ ಬಳಿ ನಿಂತು ಆ ಅಂತರ ಕೊಡಲು ಯಾವ ಗಂಟಲಿಗೂ ಆಗದು. ಒಂದು ಮೀಟರಿಗೆ ಬಂದು ಕೂತರೆ ಸಮೀಪಕ್ಕಾದರೂ ಬರುತ್ತೀರಿ. ಒಂಬತ್ತು ಮಕ್ಕಳನ್ನು ಸಾಲಿನಲ್ಲಿ ಕೂರಿಸಬೇಡಿ. ಅರ್ಧಚಂದ್ರಾಕಾರದಲ್ಲಿ ಕೂರಿಸಿ, ಅರ್ಧಚಂದ್ರದ ತೆರೆದ ಬದಿಯಲ್ಲಿ ನೀವು ಚಕ್ರವಿರುವ ಆಫೀಸು ಕುರ್ಚಿ ಅಥವಾ ಸ್ಟೂಲಿನಲ್ಲಿ ಕೂತುಕೊಳ್ಳಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಬೆಳಕು ನಿಮ್ಮ ಮುಖಕ್ಕೆ ಬೀಳಲಿ.

ಇನ್ನು ‘ತಿರುಗಿ ನೋಡುವುದಿಲ್ಲ’ ಎಂಬ ಮಾತು. ಪಾಠಕ್ಕಿಂತ ಹೆಚ್ಚು ಗಂಟಲು ಸವೆಯುವುದು ಮಕ್ಕಳನ್ನು ಕರೆಯುವುದರಲ್ಲೇ. ಹೆಸರು ಕೂಗುವುದನ್ನು ಪೂರ್ತಿ ನಿಲ್ಲಿಸಿ. ದೀಪದ ಸ್ವಿಚ್ಚನ್ನು ಎರಡು ಸಲ ಆರಿಸಿ ಹಚ್ಚಿ, ಇಲ್ಲವೇ ಕೈ ಬೀಸಿ, ಇಲ್ಲವೇ ಪಕ್ಕದ ಮಗುವಿನಿಂದ ಭುಜ ತಟ್ಟಿಸಿ. ಹಲಗೆ ನೆಲವಿರುವ ಕಡೆ ಕಾಲಿನಿಂದ ನೆಲ ಬಡಿಯುವ ರೂಢಿಯಿದೆ, ನಮ್ಮ ಕಡಪ ಕಲ್ಲು ಮತ್ತು ಸಿಮೆಂಟಿನ ನೆಲದಲ್ಲಿ ಕಂಪನ ಮಗುವಿನವರೆಗೆ ಹೋಗುವುದೇ ಇಲ್ಲ. ಮರದ ಡೆಸ್ಕು ತಟ್ಟಿದರೆ ಹೋಗುತ್ತದೆ.

ಕೊನೆಗೆ, ಬೆಳಗಿನ ಹತ್ತು ಹದಿನೈದು ನಿಮಿಷ. ಸಾಧನ ಕಿವಿಯಲ್ಲಿದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ. ಚಿಕ್ಕ ಮಗು ಬ್ಯಾಟರಿ ಸತ್ತಿದೆ ಎಂದು ಹೇಳುವುದಿಲ್ಲ, ನೀವು ಗೊತ್ತಿಲ್ಲದೆ ಧ್ವನಿ ಏರಿಸುತ್ತೀರಿ. ದಿನವೂ ಇಷ್ಟು ನೋಡಿ:

ಕಿವಿ ಅಚ್ಚಿನ (ಸಾಧನದ, ಕಿವಿಯೊಳಗೆ ಕೂರುವ ಭಾಗ) ರಂಧ್ರದಲ್ಲಿ ಗುಗ್ಗೆ ಕಟ್ಟಿದೆಯೇ, ಕೊಳವೆಯಲ್ಲಿ ನೀರಿನ ಹನಿ ಇದೆಯೇ. ಮಳೆಗಾಲದಲ್ಲಿ ಹನಿ ಸಾಮಾನ್ಯ, ಸಾಧನಗಳನ್ನು ರಾತ್ರಿ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಲು ಮನೆಗೆ ಅಥವಾ ಹಾಸ್ಟೆಲಿಗೆ ಹೇಳಿ. ಸಾಧನ ಕುಯ್ಯೆನ್ನುತ್ತಿದ್ದರೆ ಬಹುಪಾಲು ಅಚ್ಚು ಸಡಿಲವಾಗಿರುತ್ತದೆ. ಬೆಳೆಯುವ ಮಗುವಿಗೆ ಅಚ್ಚು ಚಿಕ್ಕದಾಗುತ್ತಲೇ ಇರುತ್ತದೆ, ಹೊಸ ಅಚ್ಚು ಮಾಡಿಸಬೇಕು. ಕುಯ್ಯೆನ್ನುವುದನ್ನು ನಿಲ್ಲಿಸಲು ಸೌಂಡು ಕಡಿಮೆ ಮಾಡಿ ಸುಮ್ಮನಾಗುವುದೇ ಹೆಚ್ಚು ಕಡೆ ನಡೆಯುವ ತಪ್ಪು. ಸಣ್ಣ ಗುಂಡಿ ಬ್ಯಾಟರಿಗಳು ಗಾಳಿಯಿಂದ ಚಾಲೂ ಆಗುವಂಥವು. ಸ್ಟಿಕರ್ ಕಿತ್ತ ತಕ್ಷಣ ಮುಚ್ಚಳ ಹಾಕಬೇಡಿ, ಮೂರರಿಂದ ಐದು ನಿಮಿಷ ಬಿಟ್ಟು ಹಾಕಿ. ಸ್ಟಿಕರನ್ನು ಮತ್ತೆ ಅಂಟಿಸಿ ಉಳಿಸುವ ಪ್ರಯತ್ನ ವ್ಯರ್ಥ.

ಆಮೇಲೆ ಆರು ಧ್ವನಿಗಳ ಪರೀಕ್ಷೆ: ಮ್, ಊ, ಆ, ಈ, ಶ್, ಸ್. ಒಂದು ಮೀಟರ್ ದೂರದಿಂದ, ಮಾಮೂಲಿ ಧ್ವನಿಯಲ್ಲಿ, ತುಟಿ ಕಾಣದ ಹಾಗೆ. ಬಾಯಿಗೆ ಅಂಗೈಯನ್ನೋ ರಟ್ಟನ್ನೋ ಅಡ್ಡ ಹಿಡಿದರೆ ಶ್ ಮತ್ತು ಸ್ ತಡೆದುಹೋಗುತ್ತವೆ. ಕಸೂತಿ ಚೌಕಟ್ಟಿಗೆ ತೆಳುವಾದ ಕಪ್ಪು ಬಟ್ಟೆ ಬಿಗಿದು ಹಿಡಿಯಿರಿ. ಧ್ವನಿ ಕೇಳಿದಾಗೊಮ್ಮೆ ಮಗು ಡಬ್ಬಿಗೆ ಒಂದು ಮಣಿ ಹಾಕಬೇಕು. ಕ್ರಮವನ್ನೂ ನಡುವಿನ ಬಿಡುವನ್ನೂ ಬದಲಿಸುತ್ತಿರಿ, ಇಲ್ಲದಿದ್ದರೆ ಲಯ ಹಿಡಿದು ಮಣಿ ಹಾಕಿಬಿಡುತ್ತಾರೆ. ನಿನ್ನೆ ಆರೂ ಕೇಳಿದ ಮಗುವಿಗೆ ಇಂದು ಸ್ ಮತ್ತು ಶ್ ಬೀಳದಿದ್ದರೆ ಸಾಧನದಲ್ಲೋ ಕೊಳವೆಯಲ್ಲೋ ತೊಂದರೆ. ಮ್, ಊ ಬೀಳದಿದ್ದರೆ ಅಚ್ಚಿನ ಸುತ್ತ ಸದ್ದು ಸೋರುತ್ತಿರಬಹುದು. ಕಿವಿ ಸೋಂಕಿನ ಸಾಧ್ಯತೆಯನ್ನೂ ಮರೆಯಬೇಡಿ.

ನಿಮ್ಮ ಸೋಮವಾರ–ಗುರುವಾರದ ಲೆಕ್ಕ ಸದ್ಯಕ್ಕೆ ಒಳ್ಳೆಯ ಸುದ್ದಿಯೇ. ಭಾನುವಾರದ ವಿಶ್ರಾಂತಿಯಲ್ಲಿ ಧ್ವನಿ ಚೇತರಿಸಿಕೊಳ್ಳುತ್ತಿದೆ ಎಂದರ್ಥ. ಸೋಮವಾರ ಬೆಳಗ್ಗೆಯೂ ಒಡಕು ಉಳಿಯತೊಡಗಿದ ವಾರವೇ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಇಎನ್‌ಟಿ ವೈದ್ಯರು ಧ್ವನಿ ತಂತುಗಳಲ್ಲಿ ಗಂಟು ಇದೆ, ಒಂದು ತಿಂಗಳು ಮಾತಾಡಬೇಡಿ ಎಂದರು. ಮಾತಿನ ತರಬೇತಿ ಕೊಡುವವಳಿಗೆ ಇದು ಹೇಗೆ ಸಾಧ್ಯ? ಆಪರೇಷನ್ ಮಾಡಿಸಿಬಿಡಲೇ? (ಬಾಗಲಕೋಟೆ)

ಆತುರ ಬೇಡ. ಹೆಣ್ಣಿನ ಧ್ವನಿ ತಂತುಗಳು ಸೆಕೆಂಡಿಗೆ ಸುಮಾರು 200 ಸಲ, ಗಂಡಿನವು 110–120 ಸಲ ಒಂದಕ್ಕೊಂದು ಬಡಿಯುತ್ತವೆ. ದಿನದ ಮಾತಿನಲ್ಲಿ ನಿಜವಾಗಿ ಧ್ವನಿ ಹೊರಡುವ ಸಮಯ ಒಂದೇ ಗಂಟೆ ಎಂದಿಟ್ಟುಕೊಂಡರೂ ನಿಮ್ಮ ತಂತುಗಳು 7 ಲಕ್ಷಕ್ಕೂ ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ. ಕಂಪಿಸುವ ಭಾಗದ ನಡುಮಧ್ಯದಲ್ಲಿ ಪೆಟ್ಟು ಅತಿ ಹೆಚ್ಚು, ಅದಕ್ಕೇ ಗಂಟು ಅಲ್ಲೇ, ಸಾಮಾನ್ಯವಾಗಿ ಎರಡೂ ಕಡೆ ಎದುರುಬದುರಾಗಿ ಏಳುತ್ತದೆ. ಗುದ್ದಲಿ ಹಿಡಿದವರ ಅಂಗೈ ಜಡ್ಡುಗಟ್ಟುವ ಹಾಗೆ. ಜಡ್ಡನ್ನು ಕೆತ್ತಿ ಹಾಕಿ ಮತ್ತೆ ಅದೇ ಗುದ್ದಲಿ ಹಿಡಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಆದ್ದರಿಂದ ಗಂಟಿಗೆ ಮೊದಲ ಚಿಕಿತ್ಸೆ ಧ್ವನಿ ಬಳಸುವ ರೀತಿಯನ್ನು ತಿದ್ದುವುದು. ವಾರಕ್ಕೊಮ್ಮೆಯಂತೆ ಆರರಿಂದ ಎಂಟು ವಾರ ವಾಕ್ ಚಿಕಿತ್ಸಕರ ಬಳಿ ಹೋಗಬೇಕಾಗುತ್ತದೆ. ಅದರಿಂದಲೂ ಬಗ್ಗದ ಹಳೆಯ ಗಟ್ಟಿ ಗಂಟಿಗೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಒಂದೇ ಬದಿಯ ಪಾಲಿಪ್ (ಮೆತ್ತನೆಯ ಬೆಳವಣಿಗೆ) ಆದರೆ ಲೆಕ್ಕ ಬೇರೆ, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದು ಹೆಚ್ಚು. ಹಾಗಾಗಿ ನಿಮ್ಮದು ಯಾವುದೆಂದು ಸ್ಟ್ರೋಬೋಸ್ಕೋಪಿ (ತಂತುಗಳ ಕಂಪನವನ್ನು ನಿಧಾನಗತಿಯಲ್ಲಿ ತೋರಿಸುವ ಪರೀಕ್ಷೆ) ಇರುವ ಕಡೆ ಒಮ್ಮೆ ನೋಡಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಥವಾ ವಾಕ್ ಶ್ರವಣ ವಿಭಾಗವಿರುವ ದೊಡ್ಡ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಪೂರ್ಣ ಮೌನ ಬೇಕಾಗುವುದು ತಂತುವಿನೊಳಗೆ ರಕ್ತಸ್ರಾವವಾದಾಗ ಮತ್ತು ಶಸ್ತ್ರಚಿಕಿತ್ಸೆಯ ನಂತರದ ಕೆಲವು ದಿನ. ಶೀತದಿಂದ ಗಂಟಲು ಪೂರ್ತಿ ಕಟ್ಟಿದಾಗಲೂ ಒಂದೆರಡು ದಿನ ಬಾಯಿಗೆ ಬಿಡುವು ಕೊಡುವುದು ಒಳ್ಳೆಯದು. ಗಂಟಿಗೆ ಬೇಕಾದದ್ದು ಮಿತಿ. ವೈದ್ಯರನ್ನು ಹೀಗೆ ಕೇಳಿ: ‘ಒಂದು ತಿಂಗಳು ಮೌನದ ಬದಲು, ಮೂರು ತಿಂಗಳು ದಿನಕ್ಕೆ ಎರಡೇ ಪೀರಿಯಡ್ ಮಾತು, ಉಳಿದದ್ದು ಸನ್ನೆ ಭಾಷೆ, ಜೊತೆಗೆ ಚಿಕಿತ್ಸೆ. ಆಗಬಹುದೇ?’ ಕಿವುಡ ಮಕ್ಕಳ ಶಿಕ್ಷಕರಿಗಿರುವ ಈ ಅನುಕೂಲ ಮಾಮೂಲಿ ಶಾಲೆಯ ಮೇಷ್ಟ್ರಿಗಿಲ್ಲ.

ಮನೆಯಲ್ಲೇ ವಾರಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಕೊಳ್ಳಬಹುದು. ಒಂದು: ಪೂರ್ತಿ ಉಸಿರು ತೆಗೆದುಕೊಂಡು ‘ಸ್’ ಎಂದು ಎಷ್ಟು ಸೆಕೆಂಡ್ ಎಳೆಯಬಲ್ಲಿರಿ, ನಂತರ ಜೇನ್ನೊಣದ ಝೇಂಕಾರದಂಥ ‘ಜ಼್’ ಎಷ್ಟು ಸೆಕೆಂಡ್, ನೋಡಿ. ಸರಿಯಿರುವ ಗಂಟಲಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಮೊದಲನೆಯದು ಎರಡನೆಯದಕ್ಕಿಂತ 1.4 ಪಟ್ಟು ಮೀರಿದರೆ ತಂತುಗಳು ಸರಿಯಾಗಿ ಮುಚ್ಚುತ್ತಿಲ್ಲವೆಂಬ ಸೂಚನೆ. ಎರಡು: ಮೇಲಿನ ಸ್ಥಾಯಿಯಲ್ಲಿ ಸರಿಗಮವನ್ನು ಪಿಸುಮಾತಿಗೆ ತುಸು ಮೇಲೆ, ಅತಿ ಮೆಲ್ಲಗೆ ಹಾಡಿ. ಜೋರಾಗಿ ಹಾಡಿದಾಗ ಬರುವ ಸ್ವರ ಮೆಲ್ಲಗೆ ಹಾಡಿದಾಗ ತಡವಾಗಿ ಹೊರಡುತ್ತಿದ್ದರೆ ಅಥವಾ ನಡುವೆ ಗಾಳಿಯಾಗಿ ಹೋದರೆ ಊತ ಇರಬಹುದು. ಜೋರು ಧ್ವನಿ ಊತವನ್ನು ಮುಚ್ಚಿಡುತ್ತದೆ, ಮೆಲುದನಿ ಮುಚ್ಚಿಡಲಾರದು.

ಒಡಕು ಮೂರು ನಾಲ್ಕು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ಕುತ್ತಿಗೆಯಲ್ಲಿ ಗಡ್ಡೆ ಸಿಕ್ಕರೆ ಈ ಮನೆಪರೀಕ್ಷೆಗಳಿಗೆ ಕೂರಬೇಡಿ. ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸ ಇರುವವರು ಇನ್ನೂ ಬೇಗ ತೋರಿಸಿಕೊಳ್ಳಬೇಕು.

ಪ್ರಶ್ನೆ: ಕಷಾಯ, ಜೇಷ್ಠಮಧು, ಕಲ್ಲುಸಕ್ಕರೆ, ಬಿಸಿನೀರಿನ ಆವಿ: ಇವುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ? (ಶಿರಸಿ)

ನುಂಗಿದ್ದು ಯಾವುದೂ ಧ್ವನಿ ತಂತುಗಳನ್ನು ಮುಟ್ಟುವುದಿಲ್ಲ. ಅವು ಇರುವುದು ಗಾಳಿಯ ದಾರಿಯಲ್ಲಿ, ಕಷಾಯ ಹೋಗುವುದು ಅನ್ನದ ದಾರಿಯಲ್ಲಿ. ಬಾಯಿ ಮುಕ್ಕಳಿಸುವುದೂ ಅಷ್ಟೇ, ಗಂಟಲಿನ ಮೇಲ್ಭಾಗಕ್ಕೆ ಹಿತ ಕೊಟ್ಟು ಮುಗಿಯುತ್ತದೆ. ಕುಡಿದ ನೀರು ದೇಹವೆಲ್ಲ ಸುತ್ತಿ ತಂತುಗಳ ತೇವಕ್ಕೆ ನೆರವಾಗಬೇಕು, ಆದ್ದರಿಂದ ಪಾಠದ ನಡುವೆ ಗಟಗಟ ಕುಡಿಯುವುದಕ್ಕಿಂತ ಬೆಳಗಿನಿಂದಲೇ ಗುಟುಕು ಗುಟುಕಾಗಿ ಕುಡಿಯಿರಿ. ಬಹುತೇಕ ಶಿಕ್ಷಕಿಯರು ನೀರು ಕಡಿಮೆ ಕುಡಿಯಲು ಕಾರಣ ಶಾಲೆಯಲ್ಲಿ ಸರಿಯಾದ ಶೌಚಾಲಯ ಇಲ್ಲದಿರುವುದು. ಅದು ಆಡಳಿತ ಮಂಡಳಿಗೆ ಕೇಳಬೇಕಾದ ಪ್ರಶ್ನೆ.

ನೇರವಾಗಿ ತಂತುಗಳನ್ನು ಮುಟ್ಟುವುದು ಆವಿ ಒಂದೇ. ಬರೀ ನೀರಿನ ಆವಿ, ಐದರಿಂದ ಹತ್ತು ನಿಮಿಷ, ಬಾಯಿಯಿಂದಲೂ ಎಳೆದುಕೊಳ್ಳಿ. ಬಾಮು, ನೀಲಗಿರಿ ಎಣ್ಣೆ ಹಾಕಬೇಡಿ. ಜೇಷ್ಠಮಧು ಗಂಟಲಿಗೆ ಹಿತವೇ, ಆದರೆ ದಿನವೂ ಹೆಚ್ಚು ಜಗಿದರೆ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿ ಇರುವವರು ದೂರವಿರಿ. ಖಾಲಿ ಹೊಟ್ಟೆಗೆ ಖಾರದ ಮೆಣಸಿನ ಕಷಾಯ ಕುಡಿದರೆ ಕೆಲವರಿಗೆ ಹುಳಿತೇಗು ಹೆಚ್ಚುತ್ತದೆ. ಆ ಆಮ್ಲ ರಾತ್ರಿ ಮೇಲೇರಿ ತಂತುಗಳನ್ನೇ ಸುಡುತ್ತದೆ. ಬೆಳಗ್ಗೆ ಎದ್ದಾಗ ಧ್ವನಿ ಒರಟು, ಹನ್ನೊಂದರ ಹೊತ್ತಿಗೆ ಸರಿ ಎನ್ನುವವರು ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿಟ್ಟು, ಮಂಚದ ತಲೆಕಡೆಯ ಕಾಲುಗಳನ್ನು ಇಟ್ಟಿಗೆಯಿಟ್ಟು ಅರ್ಧ ಅಡಿ ಎತ್ತರಿಸಿ ನೋಡಿ. ನೆಗಡಿಯ ಮಾತ್ರೆಗಳು ಮೂಗಿನ ಜೊತೆ ಗಂಟಲನ್ನೂ ಒಣಗಿಸುತ್ತವೆ.

ಇನ್ನೆರಡು ಅಭ್ಯಾಸ ಬಿಡಿ. ಗಂಟಲು ಕಟ್ಟಿದಾಗ ಒತ್ತಿ ಪಿಸುಗುಡುವುದರಿಂದ ವಿಶ್ರಾಂತಿ ಸಿಗುವುದಿಲ್ಲ, ಬಿಗಿ ಹೆಚ್ಚುತ್ತದೆ. ಮೆಲ್ಲಗೆ, ನಿಜ ಧ್ವನಿಯಲ್ಲೇ ಮಾತಾಡಿ. ‘ಖ್ಹುಂ’ ಎಂದು ಗಂಟಲು ಕೆರೆಯುವುದು ತಂತುಗಳನ್ನು ಜಜ್ಜುತ್ತದೆ. ಆ ಕ್ಷಣ ಒಂದು ಗುಟುಕು ನೀರು ನುಂಗಿ, ಇಲ್ಲವೇ ಉಗುಳು ನುಂಗಿ.

ಪ್ರಶ್ನೆ: ಕೊಳವೆಯಲ್ಲಿ ಗುಳ್ಳೆ ಬಿಡುವ ವ್ಯಾಯಾಮ ಎಂದು ಕೇಳಿದ್ದೇನೆ. ಹೇಗೆ ಮಾಡುವುದು? (ತುಮಕೂರು)

ಎಳನೀರಿನ ಸ್ಟ್ರಾ ಸಾಕು, 5–6 ಮಿಲಿಮೀಟರ್ ಅಗಲದ್ದು. ಲೋಟದಲ್ಲಿ ಅರ್ಧದಷ್ಟು ನೀರು. ಸ್ಟ್ರಾದ ತುದಿ ನೀರಿನೊಳಗೆ 2–3 ಸೆಂಟಿಮೀಟರ್ ಮುಳುಗಿರಲಿ, ತಳ ಮುಟ್ಟಬಾರದು. ಲೋಟವನ್ನು ಎದೆಮಟ್ಟಕ್ಕೆ ಎತ್ತಿ ಹಿಡಿಯಿರಿ, ಕುತ್ತಿಗೆ ಬಗ್ಗಿಸಬೇಡಿ. ತುಟಿ ಸುತ್ತ ಗಾಳಿ ಸೋರದಂತೆ ಮುಚ್ಚಿ, ಮೊದಲು ಬರೀ ಗಾಳಿಯಲ್ಲಿ ಗುಳ್ಳೆ ಬಿಡಿ. ಸಮನಾಗಿ ಬರತೊಡಗಿದ ಮೇಲೆ ‘ಊ’ ಎಂಬ ಧ್ವನಿ ಸೇರಿಸಿ. ಒಂದೇ ಶ್ರುತಿಯಲ್ಲಿ ಐದಾರು ಸಲ, ನಂತರ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸುತ್ತ ಐದಾರು ಸಲ. ಒಟ್ಟು ಮೂರು ನಿಮಿಷ. ಶಾಲೆಗೆ ಮುಂಚೆ, ಊಟದ ಬಿಡುವಿನಲ್ಲಿ, ಸಂಜೆ ಮನೆಗೆ ಹೊರಡುವ ಮುನ್ನ.

ನೀರಿನ ಎದುರೊತ್ತಡ ತಂತುಗಳನ್ನು ಒಂದಿಷ್ಟು ದೂರವಿಡುವುದರಿಂದ ಅವು ಬಡಿದುಕೊಳ್ಳದೆ ಕಂಪಿಸಲು ಕಲಿಯುತ್ತವೆ. ತಪ್ಪಾಗುವುದು ಎಲ್ಲಿ ಎಂದರೆ: ಕೆನ್ನೆ ಉಬ್ಬಿಸಿ ಬಿಗಿಯಾಗಿ ಊದುವುದು, ಸ್ಟ್ರಾವನ್ನು ಹೆಚ್ಚು ಆಳಕ್ಕೆ ಇಳಿಸಿ ತಳ್ಳುವುದು, ಧ್ವನಿ ಇಲ್ಲದೆ ಬರೀ ಗುಳ್ಳೆ ಬಿಟ್ಟು ಮುಗಿಸುವುದು. ಸರಿಯಾಗಿ ಮಾಡಿದರೆ ತುಟಿ, ಮೂಗಿನ ಬುಡದಲ್ಲಿ ಜುಮುಜುಮು ಎನ್ನಬೇಕು, ಗಂಟಲಿನಲ್ಲಿ ಏನೂ ಅನಿಸಬಾರದು. ನೋವಾದರೆ ನಿಲ್ಲಿಸಿ. ಕಿವುಡ ಮಕ್ಕಳಿಗೆ ಗುಳ್ಳೆ ಎಂದರೆ ಪ್ರಾಣ, ತರಗತಿಯಲ್ಲೇ ಎಲ್ಲರೂ ಸೇರಿ ಮಾಡಬಹುದು. ಅವರ ಉಸಿರಿನ ಹಿಡಿತಕ್ಕೂ ಒಳ್ಳೆಯದು. ಸ್ಟ್ರಾ ಮಾತ್ರ ಒಬ್ಬೊಬ್ಬರಿಗೆ ಬೇರೆ.

ಪ್ರಶ್ನೆ: ಮಗುವಿನ ಕೈಯನ್ನು ನನ್ನ ಕುತ್ತಿಗೆಯ ಮೇಲಿಟ್ಟು ಧ್ವನಿ ಅನುಭವಕ್ಕೆ ತರುತ್ತೇನೆ. ಈ ಪೀರಿಯಡ್ ಮುಗಿದ ಮೇಲೆಯೇ ಗಂಟಲು ಹೆಚ್ಚು ನೋಯುತ್ತದೆ, ಏಕೆ? (ಕಲಬುರಗಿ)

ಕಂಪನ ಚೆನ್ನಾಗಿ ಸಿಗಲಿ ಎಂದು ಗಂಟಲು ಒತ್ತಿ ಮಾತಾಡುತ್ತೀರಿ, ಶ್ರುತಿಯನ್ನೂ ಕೆಳಕ್ಕೆ ದಬ್ಬುತ್ತೀರಿ. ಜೊತೆಗೆ ಮಗುವಿನ ಎತ್ತರಕ್ಕೆ ಕುತ್ತಿಗೆ ಬಗ್ಗಿಸಿ ಗದ್ದ ಮುಂದೆ ಚಾಚುತ್ತೀರಿ. ಧ್ವನಿಪೆಟ್ಟಿಗೆ ಮೂರೂ ಕಡೆಯಿಂದ ಸಿಕ್ಕಿಬೀಳುತ್ತದೆ.

ಬಲೂನ್ ಬಳಸಿ. ಉಬ್ಬಿಸಿದ ಬಲೂನನ್ನು ಮಗು ಎರಡೂ ಅಂಗೈಯಲ್ಲಿ ಹಿಡಿದಿರಲಿ, ನೀವು ಅದರ ಇನ್ನೊಂದು ಬದಿಗೆ ತುಟಿ ಸಮೀಪ ತಂದು ಮಾಮೂಲಿ ಧ್ವನಿಯಲ್ಲಿ ಮಾತಾಡಿ. ಮೆಲುದನಿಯೂ ಬಲೂನಿನಲ್ಲಿ ನಡುಕವಾಗಿ ಸಿಗುತ್ತದೆ. ಮ್, ನ್ ಧ್ವನಿಗಳಿಗೆ ಮಗುವಿನ ಬೆರಳನ್ನು ಮೂಗಿನ ಪಕ್ಕಕ್ಕೆ ಇಡಿಸಿ, ಅಲ್ಲಿ ಒತ್ತದೆಯೇ ಕಂಪನ ಸಿಗುತ್ತದೆ. ಮಗುವನ್ನು ಎತ್ತರದ ಕುರ್ಚಿಗೆ ಕೂರಿಸಿ, ಇಬ್ಬರೂ ಒಂದೇ ಕನ್ನಡಿ ನೋಡುವಂತಿರಲಿ. ಹಾಗಾದರೆ ಬಗ್ಗುವ ಪ್ರಮೇಯವೇ ಬರುವುದಿಲ್ಲ. ಒಬ್ಬೊಬ್ಬರಿಗೆ ಕೊಡುವ ಮಾತಿನ ತರಬೇತಿಯನ್ನು ಸತತ ಎರಡು ಪೀರಿಯಡ್ ಹಾಕಿಸಿಕೊಳ್ಳಬೇಡಿ, ನಡುವೆ ಚಿತ್ರಕಲೆಯೋ ಬರವಣಿಗೆಯೋ ಇರಲಿ.

ಪ್ರಶ್ನೆ: ಸೊಂಟಕ್ಕೆ ಕಟ್ಟುವ ಸ್ಪೀಕರ್ ಮೈಕ್ ಕೊಂಡರೆ? (ಮಂಡ್ಯ)

ಮಾಮೂಲಿ ಶಾಲೆಯ ಶಿಕ್ಷಕರಿಗೆ ಒಳ್ಳೆಯದು. ನಿಮ್ಮ ತರಗತಿಗೆ ಅರ್ಧ ಪ್ರಯೋಜನ. ನಿಮ್ಮ ಗಂಟಲು ಉಳಿಯುತ್ತದೆ, ಆದರೆ ಅಗ್ಗದ ಸ್ಪೀಕರಿನ ಗೊರಗೊರ ಸದ್ದನ್ನು ಸಾಧನ ಇನ್ನಷ್ಟು ಹಿಗ್ಗಿಸಿ ಮಗುವಿಗೆ ಕೊಡುತ್ತದೆ. ಬೇಕಾದದ್ದು ನಿಮ್ಮ ಬಾಯಿಂದ ನೇರ ಸಾಧನಕ್ಕೆ ಹೋಗುವ ವ್ಯವಸ್ಥೆ. ಬಾಯಿಂದ 15–20 ಸೆಂಟಿಮೀಟರ್ ಕೆಳಗೆ ಕುತ್ತಿಗೆಗೆ ತೂಗುವ ಮೈಕು, ಮಗುವಿನ ಸಾಧನಕ್ಕೆ ರಿಸೀವರು. ಆಗ ಮಗು ಕೋಣೆಯ ಆ ತುದಿಯಲ್ಲಿದ್ದರೂ ನೀವು ಒಂದು ಗೇಣು ದೂರದಲ್ಲಿದ್ದಂತೆ. ಮೈಕನ್ನು ಸೆರಗಿನೊಳಗೆ ಮುಚ್ಚಬೇಡಿ, ತಾಳಿ ಸರಕ್ಕೆ ತಾಗಿದರೆ ಮಕ್ಕಳಿಗೆ ಕೇಳುವುದು ಬರೀ ಕಟಕಟ. ಸಹೋದ್ಯೋಗಿಯ ಜೊತೆ ಹರಟುವಾಗ ಆಫ್ ಮಾಡಲು ಮರೆಯಬೇಡಿ.

ಇದು ದುಬಾರಿ. ಹೆಚ್ಚಿನ ಮಕ್ಕಳ ಸಾಧನದಲ್ಲಿ ‘ಟಿ’ ಎಂಬ ಟೆಲಿಕಾಯಿಲ್ (ತಂತಿಯ ಕಾಂತೀಯ ಸಂಕೇತ ಹಿಡಿಯುವ ಸುರುಳಿ) ಗುಂಡಿ ಇದ್ದರೆ, ಕೋಣೆಯ ಸುತ್ತ ತಂತಿ ಎಳೆದು ಆಂಪ್ಲಿಫೈಯರಿಗೆ ಜೋಡಿಸುವ ಲೂಪ್ ಕಡಿಮೆ ಖರ್ಚಿನ ದಾರಿ. ಹಳೆಯ ಟ್ಯೂಬ್‌ಲೈಟಿನ ಚೋಕಿದ್ದರೆ ಗುಂಯ್ ಎನ್ನುವ ಸದ್ದು ಸೇರುತ್ತದೆ, ಎಲ್‌ಇಡಿಗೆ ಬದಲಿಸಿ ನೋಡಿ. ಪಕ್ಕದ ಎರಡು ಕೋಣೆಗಳಿಗೂ ಲೂಪ್ ಹಾಕಿದರೆ ಒಂದರ ಪಾಠ ಇನ್ನೊಂದಕ್ಕೆ ನುಸುಳುತ್ತದೆ, ನಡುವೆ ಒಂದು ಕೋಣೆ ಬಿಟ್ಟು ಹಾಕಿಸಿ. ಡೆಸ್ಕಿಗೆ ತಂತಿ, ಹೆಡ್‌ಫೋನ್ ಇರುವ ಹಳೆಯ ಗುಂಪು ಶ್ರವಣ ಸಾಧನ ಬೀರುವಿನಲ್ಲಿ ಬಿದ್ದಿದ್ದರೆ ಎಸೆಯುವ ಮೊದಲು ಒಬ್ಬ ಶ್ರವಣ ತಜ್ಞರಿಗೆ ತೋರಿಸಿ. ಹೋಗಿರುವುದು ಬರೀ ಹೆಡ್‌ಫೋನಿನ ತಂತಿಯೂ ಆಗಿರಬಹುದು.

ಪ್ರಶ್ನೆ: ನಮ್ಮದು ಶೀಟ್ ಮಾಡಿನ ಕಟ್ಟಡ. ಮಳೆ ಬಂದರೆ ಏನೂ ಕೇಳದು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಎಂದರು ಯಾರೋ. (ಮುಖ್ಯ ಶಿಕ್ಷಕ, ಚಿಕ್ಕಮಗಳೂರು ಜಿಲ್ಲೆ)

ಮೊಟ್ಟೆ ಟ್ರೇ ಮಾತಿನ ಸದ್ದನ್ನು ಹೀರುವುದು ಅತ್ಯಲ್ಪ, ಬೆಂಕಿ ಹತ್ತಿದರೆ ಮಾತ್ರ ಚೆನ್ನಾಗಿ ಉರಿಯುತ್ತದೆ. ಥರ್ಮಾಕೋಲಿನದೂ ಅದೇ ಕಥೆ. ಹತ್ತಿಯ ದಪ್ಪ ಕೌದಿಗಳು ಇವೆರಡಕ್ಕಿಂತ ಮೇಲು. ಗೋಡೆಗೆ ಅಂಟಿಸದೆ ಎರಡು ಮೂರು ಅಂಗುಲ ಮುಂದೆ ತೂಗುಬಿಡಿ, ಆ ಖಾಲಿ ಜಾಗವೂ ಹೀರುವ ಕೆಲಸ ಮಾಡುತ್ತದೆ. ಎದುರುಬದುರು ಗೋಡೆಗಳಲ್ಲಿ ಒಂದಕ್ಕಾದರೂ ಹಾಕಿ. ನೆಲಕ್ಕೆ ಜಮಖಾನ, ಕುರ್ಚಿ ಬೆಂಚುಗಳ ಕಾಲಿಗೆ ರಬ್ಬರ್ ಬಿರಡೆ. ಬಿರಡೆ ಸಣ್ಣ ಬಾಬತ್ತು ಎನ್ನಬೇಡಿ. ಕಿವುಡ ಮಕ್ಕಳ ತರಗತಿ ಮೌನವಾಗಿರುತ್ತದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ತಮ್ಮ ಸದ್ದು ತಮಗೆ ಕೇಳದ ಮಕ್ಕಳು ಕುರ್ಚಿ ಎಳೆಯುವ ಜೋರು ಒಳಗಿರುವವರಿಗೇ ಗೊತ್ತು. ಆ ಗದ್ದಲದ ಮೇಲೆ ನಿಮ್ಮ ಶಿಕ್ಷಕರ ಧ್ವನಿ ತಾನಾಗಿ ಏರುತ್ತದೆ, ಅವರಿಗೆ ಅರಿವಿಲ್ಲದೆಯೇ.

ಅಮೆರಿಕದ ಶಾಲಾ ಮಾನದಂಡದಲ್ಲಿ ಖಾಲಿ ತರಗತಿಯ ಗದ್ದಲ 35 ಡೆಸಿಬೆಲ್, ಸದ್ದು ಅಡಗಲು 0.6 ಸೆಕೆಂಡ್ ಎಂದಿದೆ. ನಮ್ಮ ಕಟ್ಟಡಗಳಿಗೆ ಅದು ದೂರದ ಮಾತು. ನಡುಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ಬಾಲದಂತೆ ‘ಝಣ್’ ಎಂದು ಉಳಿಯುವ ಸದ್ದು ಕೌದಿ ಹಾಕುವ ಮುನ್ನ ಮತ್ತು ನಂತರ ಎಷ್ಟು ಬದಲಾಯಿತು ಎಂದು ಕೇಳಿಸಿಕೊಳ್ಳಿ, ಸಾಕು. ಮಳೆಯ ಸದ್ದಿಗೆ ಮಾತ್ರ ಕೌದಿ ಉತ್ತರವಲ್ಲ. ಅದು ಬರುವುದು ಮಾಡಿನಿಂದ, ಮಾಡಿಗೇ ಹೊದಿಕೆ ಬೇಕು. ಅಲ್ಲಿಯವರೆಗೆ ಒಂದು ನಿಯಮ ಮಾಡಿ: ಮಳೆ ಜೋರಾದ ಹೊತ್ತು ಶಾಲೆಯಿಡೀ ಸನ್ನೆ ಭಾಷೆಯಲ್ಲೇ ಪಾಠ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವೇಳಾಪಟ್ಟಿಯಲ್ಲಿ ಮಾತಿನ ತರಬೇತಿಯನ್ನು ಬೆಳಗಿನ ಪೀರಿಯಡ್‌ಗಳಿಗೆ ಇಡಿ.

ಪ್ರಶ್ನೆ: ಮಾತು, ಸನ್ನೆ ಎರಡನ್ನೂ ಒಟ್ಟೊಟ್ಟಿಗೆ ಮಾಡಬೇಕೆಂದು ನಮ್ಮ ಶಾಲೆಯ ನಿಯಮ. ಗಂಟಲೂ ನೋವು, ಈಗ ಬಲಗೈ ಹೆಬ್ಬೆರಳಿನ ಬುಡವೂ ನೋವು. (ಧಾರವಾಡ)

ಒಟ್ಟಿಗೆ ಮಾಡಿದಾಗ ಎರಡೂ ಅರ್ಧಂಬರ್ಧ ಆಗುತ್ತವೆ. ಮಾತಿನ ಓಟಕ್ಕೆ ಕೈ ಸಿಗದೆ ಸನ್ನೆಗಳು ಬಿಟ್ಟುಹೋಗುತ್ತವೆ, ಹುಬ್ಬು ಮತ್ತು ಮುಖಭಾವದ ವ್ಯಾಕರಣ ಮಾಯವಾಗುತ್ತದೆ. ಮಾತು ಎಳೆದೆಳೆದು ಅಸಹಜವಾಗುತ್ತದೆ. ತುಟಿಯ ಮೇಲೆ ಮರ, ಬರ, ಪರ ಮೂರೂ ಒಂದೇ ಥರ ಕಾಣುತ್ತವೆ, ಎಷ್ಟು ಕೂಗಿದರೂ ಆ ವ್ಯತ್ಯಾಸ ತುಟಿಗೆ ಬರುವುದಿಲ್ಲ. ಒಂದು ಸನ್ನೆ ಅದನ್ನು ಬಿಡಿಸಿಡುತ್ತದೆ. ಹಾಗಾಗಿ ಹೊತ್ತು ಹಂಚಿಕೊಳ್ಳಿ. ಗಣಿತ, ಪರಿಸರ, ಸಮಾಜ ಪೂರ್ತಿ ಸನ್ನೆಯಲ್ಲಿ, ಧ್ವನಿ ಬಂದ್. ಭಾಷೆ ಮತ್ತು ಮಾತಿನ ತರಬೇತಿಯಲ್ಲಿ ಮಾತು. ನಿಮ್ಮ ಆಡಳಿತ ಒಪ್ಪದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮು ತೋರಿಸಿ, ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ತಯಾರು ಮಾಡಿ ನೇಮಿಸಬೇಕೆಂದು ಅದರಲ್ಲೇ ಇದೆ. ಸನ್ನೆಗಳ ಕೊರತೆಯೂ ಈಗ ಮೊದಲಿನಷ್ಟಿಲ್ಲ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟು 2021ಕ್ಕೆ 10,000 ಪದ ಮುಟ್ಟಿತು. 2024ರ ಡಿಸೆಂಬರಿನಿಂದ ಕೇಂದ್ರ ಸರ್ಕಾರದ ಶೈಕ್ಷಣಿಕ ಟಿವಿ ಸರಣಿ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಸನ್ನೆ ಭಾಷೆಗೇ ಮೀಸಲಾಗಿದೆ.

ಕೈಯ ವಿಷಯ: ಸಮ್ಮೇಳನಗಳಲ್ಲಿ ಸನ್ನೆ ಅನುವಾದಕರು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಸರದಿ ಬದಲಿಸುತ್ತಾರೆ. ಶಿಕ್ಷಕರಿಗೆ ಆ ಸರದಿ ಇಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿ. ಹೆಬ್ಬೆರಳ ಬುಡದಲ್ಲಿ ಚುಚ್ಚಿದಂತಾದರೆ ಅಲ್ಲಿನ ಸ್ನಾಯುರಜ್ಜಿನ ಉರಿಯೂತವಿರಬಹುದು, ಮೂಳೆ ವೈದ್ಯರನ್ನು ಕಾಣಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಬೇರೆ ತೊಂದರೆ, ನರದ್ದು. ಮೊಣಕೈ ಮೈಗೆ ಹತ್ತಿರವಿಟ್ಟು ಸನ್ನೆಯ ಅಳತೆ ಕಿರಿದಾಗಿಸಿ. ಎಂಟೊಂಬತ್ತು ಮಕ್ಕಳಿಗೆ ವೇದಿಕೆಯ ಮೇಲಿನಂತೆ ಕೈ ಬೀಸಬೇಕಿಲ್ಲ.

ಪ್ರಶ್ನೆ: ಸ್ವಯಂಸೇವಾ ಸಂಸ್ಥೆಯ ಶಾಲೆಯಲ್ಲಿ ಗೌರವಧನಕ್ಕೆ ಹನ್ನೊಂದು ವರ್ಷ ಕೆಲಸ. ಗಂಟಲಿಗಾಗಿ ರಜೆ ಕೇಳಿದರೆ ‘ಧ್ವನಿ ಇಲ್ಲದವರು ಬೇರೆ ಕೆಲಸ ನೋಡಿಕೊಳ್ಳಿ’ ಎನ್ನುತ್ತಾರೆ. ನಮಗೆ ಹಕ್ಕು ಏನಿದೆ? (ಹೆಸರು, ಊರು ಬೇಡ)

ಕಹಿ ಮಾತು ಮೊದಲು. ನಮ್ಮ ದೇಶದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಶಿಕ್ಷಕರ ಧ್ವನಿ ದೋಷ ಇಲ್ಲ. ಯಂತ್ರದ ಸದ್ದಿಗೆ ಕಿವಿ ಹೋದರೆ ಪಟ್ಟಿಯಲ್ಲಿದೆ, ಕಿವಿ ಕೇಳದ ಮಕ್ಕಳಿಗಾಗಿ ಗಂಟಲು ಹೋದರೆ ಇಲ್ಲ. ಪೋಲೆಂಡಿನಲ್ಲಿ ಕನಿಷ್ಠ 15 ವರ್ಷ ಧ್ವನಿ ದುಡಿಸಿದವರ ಗಟ್ಟಿ ಗಂಟುಗಳನ್ನು ಔದ್ಯೋಗಿಕ ಕಾಯಿಲೆಯೆಂದು ಕಾನೂನೇ ಒಪ್ಪಿದೆ. 2016ರ ಅಂಗವಿಕಲರ ಕಾಯ್ದೆಯ ‘ವಾಕ್ ಮತ್ತು ಭಾಷಾ ದೋಷ’ ಎಂಬ ವರ್ಗ ಧ್ವನಿಪೆಟ್ಟಿಗೆ ತೆಗೆದುಹಾಕಿದಂಥ ಶಾಶ್ವತ ಸ್ಥಿತಿಗಳಿಗೆ, ಗಂಟಿಗೆ ಅನ್ವಯಿಸುವುದಿಲ್ಲ.

ಇರುವುದನ್ನು ಬಿಡಬೇಡಿ. ಸಂಸ್ಥೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದು ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಸರಾಸರಿ ವೇತನದ ಶೇಕಡ 70 ಸಿಗುತ್ತದೆ. ಅದಕ್ಕೆ ಸಂಬಂಧಪಟ್ಟ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ವಿಚಾರದಲ್ಲಿ ಶಿಕ್ಷಕರನ್ನು 2009ರ ತಿದ್ದುಪಡಿಯಿಂದ, 1997ರ ಏಪ್ರಿಲ್ 3ರಿಂದಲೇ ಪೂರ್ವಾನ್ವಯವಾಗುವಂತೆ ಸೇರಿಸಲಾಯಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದರೂ 2022ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಹನ್ನೊಂದು ವರ್ಷ ಸತತ ದುಡಿದವರು ಬಿಡುವಾಗ ವರ್ಷಕ್ಕೆ 15 ದಿನದ ವೇತನದಂತೆ ಕೇಳಬಹುದು. ಸಂಬಳವನ್ನು ‘ಗೌರವಧನ’ ಎಂದು ಕರೆದು ನೀವು ನೌಕರರೇ ಅಲ್ಲ ಎಂದು ವಾದಿಸುವುದು ಸಾಮಾನ್ಯ ತಂತ್ರ. ಆದ್ದರಿಂದ ಹಾಜರಿ ಪುಸ್ತಕ, ನೇಮಕಾತಿ ಪತ್ರ, ಬ್ಯಾಂಕ್ ಜಮೆ, ಅನುದಾನದ ಪಟ್ಟಿಯಲ್ಲಿರುವ ನಿಮ್ಮ ಹೆಸರು, ಇವುಗಳ ನಕಲು ಇಂದೇ ತೆಗೆದಿಡಿ.

ಆಡಳಿತದವರ ಮುಂದಿಡಲು ಒಂದು ಅಂಕಿ: 2004ರಲ್ಲಿ ಪ್ರಕಟವಾದ ಅಮೆರಿಕದ ಐಯೋವಾ, ಯೂಟಾ ರಾಜ್ಯಗಳ ಅಧ್ಯಯನದಲ್ಲಿ ಜೀವನದಲ್ಲಿ ಒಮ್ಮೆಯಾದರೂ ಧ್ವನಿ ತೊಂದರೆ ಕಂಡವರು ಶಿಕ್ಷಕರಲ್ಲಿ ಶೇಕಡ 57.7, ಇತರರಲ್ಲಿ 28.8. ಅದು ಮಾಮೂಲಿ ಶಾಲೆಗಳೂ ಸೇರಿದ ಲೆಕ್ಕ.

ರಜೆಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಪ್ರಮಾಣಪತ್ರದ ಒಕ್ಕಣೆ. ‘ಗಂಟಲು ನೋವು, ಒಂದು ವಾರ ವಿಶ್ರಾಂತಿ’ ಎಂದು ಬರೆಸಿಕೊಂಡು ಬಂದರೆ ಎಂಟನೇ ದಿನ ಅದೇ ಆರು ಪೀರಿಯಡ್ ಕಾದಿರುತ್ತವೆ. ವೈದ್ಯರಿಂದ ಮೂರು ಸಂಗತಿ ಬರೆಸಿ: ಕಾಯಿಲೆಯ ಹೆಸರು ಮತ್ತು ಪರೀಕ್ಷೆ ಮಾಡಿದ ದಿನಾಂಕ, ಎಷ್ಟು ವಾರದವರೆಗೆ ದಿನಕ್ಕೆ ಎಷ್ಟು ಪೀರಿಯಡ್ ಮಾತ್ರ ಧ್ವನಿ ಬಳಸಬಹುದು, ಉಳಿದ ಪೀರಿಯಡ್‌ಗಳಲ್ಲಿ ಸನ್ನೆ ಭಾಷೆ, ಬರವಣಿಗೆ, ಮೌಲ್ಯಮಾಪನದಂಥ ಕೆಲಸ ಮಾಡಲು ಸಮರ್ಥರು ಎಂಬ ಸ್ಪಷ್ಟ ಸಾಲು. ಮೂರನೆಯ ಸಾಲಿದ್ದರೆ ‘ಕೆಲಸಕ್ಕೆ ಅಸಮರ್ಥರು’ ಎಂದು ನಿಮ್ಮನ್ನು ಕೈಬಿಡಲು ಅದೇ ಪತ್ರವನ್ನು ಬಳಸುವುದು ಕಷ್ಟ. ಪತ್ರ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಅಂಚೆ ಕಚೇರಿಯಿಂದ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.